ಅನಿಲ ಸೋರಿದಾಗ ಅಪಾಯ ಎಷ್ಟು ದೂರ?

ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಸೀದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಲೆಯ ಮುಂದೆ ನಿಂತವರಿಗೆ ಕೆಮ್ಮು, ಕಣ್ಣಲ್ಲಿ ನೀರು. ನಡುಮನೆಯಲ್ಲಿ ಪತ್ರಿಕೆ ಓದುತ್ತಿರುವವರಿಗೆ ಒಂದೆರಡು ಸೀನು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುವವರಿಗೆ ಏನೂ ಇಲ್ಲ. ಆದರೆ ಮೂಲೆಯ ಕೋಣೆಯಲ್ಲಿ ಮಲಗಿರುವ ಉಬ್ಬಸದ ಅಜ್ಜಿಗೆ ಅಷ್ಟೇ ಘಾಟಿಗೆ ದಮ್ಮು ಕಟ್ಟಬಹುದು.

ಯಾರಿಗೆ ಎಷ್ಟು ತೊಂದರೆ ಎಂಬುದನ್ನು ಇಲ್ಲಿ ನಾಲ್ಕು ಸಂಗತಿಗಳು ನಿರ್ಧರಿಸುತ್ತವೆ. ಎಷ್ಟು ಮೆಣಸಿನಕಾಯಿ ಸೀದಿತು? ಗಾಳಿ ಯಾವ ಕಡೆಗೆ ಬೀಸುತ್ತಿತ್ತು? ಎಷ್ಟು ಹೊತ್ತು ಆ ಗಾಳಿಯನ್ನು ಉಸಿರಾಡಿದರು? ಉಸಿರಾಡಿದವರು ಯಾರು?

ಕಾರ್ಖಾನೆಯಿಂದ ವಿಷಾನಿಲ ಸೋರಿದರೆ ಸುತ್ತಲಿನ ಊರಿಗೆ ಏನಾಗಬಹುದು ಎಂದು ಮೊದಲೇ ಲೆಕ್ಕ ಹಾಕುವ ಕಂಪ್ಯೂಟರ್ ತಂತ್ರಾಂಶಗಳಿವೆ. ಅವು ಕೇಳುವುದೂ ಇದೇ ನಾಲ್ಕು ಪ್ರಶ್ನೆಗಳನ್ನು. ಇದು ಎಂಜಿನಿಯರುಗಳ ವಿಷಯ, ಆರೋಗ್ಯದ ಅಂಕಣದಲ್ಲಿ ಏಕೆ ಎಂದು ಓದುಗರು ಕೇಳಬಹುದು. ಆ ಲೆಕ್ಕದ ಕೊನೆಯ ಉತ್ತರ ಕಬ್ಬಿಣದ ಟ್ಯಾಂಕಿಗೆ ಸಂಬಂಧಿಸಿದ್ದಲ್ಲ, ಮನುಷ್ಯನ ಶ್ವಾಸಕೋಶಕ್ಕೆ ಸಂಬಂಧಿಸಿದ್ದು. ಆದ್ದರಿಂದ ಇದನ್ನು ಪ್ರತಿಯೊಂದು ಕುಟುಂಬವೂ ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳ್ಳೆಯದು.

ಭೋಪಾಲ ಕಲಿಸಿದ ಪಾಠ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕೊಂದರಲ್ಲಿದ್ದ ಮೀಥೈಲ್ ಐಸೊಸಯನೇಟ್ ಎಂಬ ರಾಸಾಯನಿಕಕ್ಕೆ ನೀರು ಸೇರಿತು. ಒಳಗೆ ಬಿಸಿ ಏರಿ, ಒತ್ತಡ ಹೆಚ್ಚಿ, ಸುಮಾರು 40 ಟನ್ನಿನಷ್ಟು ವಿಷ ಹೊರಬಂತು. ಅದನ್ನು ತಣ್ಣಗಿಡಬೇಕಾಗಿದ್ದ ಯಂತ್ರ ನಿಂತಿತ್ತು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಾಗಿದ್ದ ವ್ಯವಸ್ಥೆಯೂ ಕೆಲಸ ಮಾಡುತ್ತಿರಲಿಲ್ಲ.

ಚಳಿಗಾಲದ ರಾತ್ರಿ, ಗಾಳಿ ಬಹಳ ಮಂದ. ಈ ಅನಿಲ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಅದು ಮೇಲೇರಿ ಚದುರಿಹೋಗದೆ ನೆಲಕ್ಕೆ ಅಂಟಿಕೊಂಡು ಗುಡಿಸಲುಗಳೊಳಗೆ ಹರಿಯಿತು. ಸರ್ಕಾರದ ಲೆಕ್ಕದ ಪ್ರಕಾರವೇ 3,787 ಜನ ಸತ್ತರು. ಐದು ಲಕ್ಷಕ್ಕೂ ಹೆಚ್ಚು ಮಂದಿ ಆ ಗಾಳಿಗೆ ಒಡ್ಡಿಕೊಂಡರು.

ವೈದ್ಯನಾದ ನನಗೆ ಇದರಲ್ಲಿ ಎರಡು ಸಂಗತಿಗಳು ಮುಖ್ಯವಾಗಿ ಕಾಣುತ್ತವೆ. ಮೊದಲನೆಯದು, ಕಣ್ಣು ಉರಿಯುತ್ತ, ಉಸಿರು ಸಿಕ್ಕದೆ ಬಂದ ಸಾವಿರಾರು ರೋಗಿಗಳ ಎದುರು ನಿಂತಿದ್ದ ವೈದ್ಯರಿಗೆ ಸೋರಿದ್ದು ಯಾವ ಅನಿಲ, ಅದು ದೇಹದಲ್ಲಿ ಏನು ಮಾಡುತ್ತದೆ ಎಂಬ ಖಚಿತ ಮಾಹಿತಿ ಇರಲಿಲ್ಲ. ಎರಡನೆಯದು, ಜನ ಗಾಬರಿಯಿಂದ ಓಡಿದರು. ಅನೇಕರು ಅನಿಲ ಸಾಗುತ್ತಿದ್ದ ದಿಕ್ಕಿಗೇ ಓಡಿದರು. ಸುಮ್ಮನೆ ಕುಳಿತಿರುವ ವ್ಯಕ್ತಿ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಎಳೆದುಕೊಂಡರೆ, ಓಡುವವನು ನಲವತ್ತು ಐವತ್ತು ಲೀಟರ್ ಎಳೆದುಕೊಳ್ಳುತ್ತಾನೆ. ಅಂದರೆ ವಿಷದ ಪ್ರಮಾಣವೂ ಅಷ್ಟೇ ಪಟ್ಟು ಹೆಚ್ಚು. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಹಿಡಿದು ಗಾಳಿಗೆ ಅಡ್ಡವಾಗಿ ನಡೆಯಿರಿ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ಕಂಪ್ಯೂಟರಿಗೆ ಕೇಳುವ ಪ್ರಶ್ನೆಗಳು

ಈ ಲೆಕ್ಕಕ್ಕೆ ಇಂದು ಹಲವು ತಂತ್ರಾಂಶಗಳಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಗೂ ಸಾಗರ ಮತ್ತು ವಾಯುಮಂಡಲ ಸಂಸ್ಥೆ ಸೇರಿ ರೂಪಿಸಿದ 'ಅಲೋಹಾ' ಉಚಿತವಾಗಿ ಸಿಗುತ್ತದೆ. ಅಗ್ನಿಶಾಮಕ ದಳದವರೂ ಬಳಸುವಷ್ಟು ಸುಲಭ. ನಾರ್ವೆಯ ಡಿಎನ್‌ವಿ ಸಂಸ್ಥೆಯ 'ಫಾಸ್ಟ್', ಹಾಲೆಂಡಿನಲ್ಲಿ ಹುಟ್ಟಿದ 'ಎಫೆಕ್ಟ್ಸ್' ಮುಂತಾದವು ದೊಡ್ಡ ಕಾರ್ಖಾನೆಗಳ ವಿನ್ಯಾಸಕ್ಕೆ ಬಳಕೆಯಾಗುತ್ತವೆ. ಬೆಂಕಿಯ ಶಾಖ, ಸ್ಫೋಟದ ಹೊಡೆತಗಳನ್ನೂ ಇವು ಲೆಕ್ಕ ಹಾಕುತ್ತವೆ. ಇಲ್ಲಿ ವಿಷಾನಿಲದ ವಿಚಾರವನ್ನಷ್ಟೇ ನೋಡೋಣ. ಉದಾಹರಣೆಗೆ ಕ್ಲೋರಿನ್ ತೆಗೆದುಕೊಳ್ಳೋಣ. ನಮ್ಮ ಅನೇಕ ಊರುಗಳ ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲಿ ಅದರ ದೊಡ್ಡ ಸಿಲಿಂಡರುಗಳಿರುತ್ತವೆ. ಒಂದೊಂದರಲ್ಲಿ ಸುಮಾರು 900 ಕಿಲೋ.

ಮೊದಲ ಪ್ರಶ್ನೆ: ಏನು, ಎಷ್ಟು? ಯಾವ ರಾಸಾಯನಿಕ, ಟ್ಯಾಂಕಿನಲ್ಲಿ ಎಷ್ಟಿದೆ, ತೂತು ಎಷ್ಟು ದೊಡ್ಡದು, ಒತ್ತಡ ಎಷ್ಟು ಎಂಬುದನ್ನು ತಿಳಿಸಬೇಕು. ಕ್ಲೋರಿನ್ ಸಿಲಿಂಡರಿನಲ್ಲಿ ಒತ್ತಡದಿಂದ ದ್ರವವಾಗಿರುತ್ತದೆ. ಹೊರಬಂದೊಡನೆ ಕುದಿದು ಅನಿಲವಾಗುತ್ತದೆ. ಒಂದು ಲೀಟರ್ ದ್ರವ ಸುಮಾರು 450 ಲೀಟರ್ ಅನಿಲವಾಗುತ್ತದೆ ಎಂದರೆ ಅದರ ಹಬ್ಬುವಿಕೆಯನ್ನು ಊಹಿಸಿಕೊಳ್ಳಬಹುದು.

ಎರಡನೆಯ ಪ್ರಶ್ನೆ: ಗಾಳಿ ಹೇಗಿದೆ? ಗಾಳಿಯ ದಿಕ್ಕು ಮತ್ತು ವೇಗ ಮಾತ್ರ ಸಾಲದು. ಹಗಲೋ ರಾತ್ರಿಯೋ, ಮೋಡವಿದೆಯೋ ಬಿಸಿಲಿದೆಯೋ ಎಂಬುದೂ ಬೇಕು. ಚಳಿಗಾಲದ ಮುಂಜಾನೆ ಹಳ್ಳಿಯ ಒಲೆಗಳ ಹೊಗೆ ಮೇಲೇರದೆ ಊರಿನ ಮೇಲೆ ಚಾದರ ಹಾಸಿದಂತೆ ನಿಲ್ಲುವುದನ್ನು ನೋಡಿರುತ್ತೀರಿ. ರಾತ್ರಿ ನೆಲ ತಣಿದಾಗ ಕೆಳಗಿನ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ. ಕೆಳಗಿನದು ಮೇಲೇರುವುದಿಲ್ಲ. ಬ್ರಿಟನ್ನಿನ ಹವಾಮಾನ ವಿಜ್ಞಾನಿ ಪಾಸ್ಕ್ವಿಲ್ 1961ರಲ್ಲಿ ವಾತಾವರಣದ ಈ ಸ್ಥಿತಿಗಳನ್ನು 'ಎ'ಯಿಂದ 'ಎಫ್'ವರೆಗೆ ಆರು ವರ್ಗಗಳಾಗಿ ವಿಂಗಡಿಸಿದರು. ಬಿಸಿಲಿನ ಮಧ್ಯಾಹ್ನ 'ಎ'. ಮೋಡವಿಲ್ಲದ, ಗಾಳಿ ಮಂದವಾದ ರಾತ್ರಿ 'ಎಫ್'. ಅದೇ ಸಿಲಿಂಡರ್, ಅದೇ ತೂತು ಇದ್ದರೂ 'ಎಫ್' ಸ್ಥಿತಿಯಲ್ಲಿ ಅಪಾಯದ ವಲಯ ಹಲವು ಪಟ್ಟು ದೂರಕ್ಕೆ ಚಾಚುತ್ತದೆ.

ಮೂರನೆಯ ಪ್ರಶ್ನೆ: ಎಷ್ಟು ಹೊತ್ತು? ವಿಷದ ಪ್ರಮಾಣವನ್ನು 'ಪಿಪಿಎಂ' ಎಂಬ ಅಳತೆಯಲ್ಲಿ ಹೇಳುತ್ತಾರೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ ಅನಿಲವಿದ್ದರೆ ಒಂದು ಪಿಪಿಎಂ. ಸೂಕ್ಷ್ಮ ದೇಹದವರನ್ನೂ ಗಮನದಲ್ಲಿಟ್ಟುಕೊಂಡು ಅಮೆರಿಕದ ತಜ್ಞರು ಪ್ರತಿ ಅನಿಲಕ್ಕೂ ಮೂರು ಮಟ್ಟಗಳನ್ನು ಗೊತ್ತುಮಾಡಿದ್ದಾರೆ. ಒಂದು ಗಂಟೆ ಉಸಿರಾಡುವುದಾದರೆ ಕ್ಲೋರಿನ್ ಅರ್ಧ ಪಿಪಿಎಂ ಇದ್ದಾಗ ಕಿರಿಕಿರಿ ಶುರು. 2 ಪಿಪಿಎಂನಲ್ಲಿ ಶಾಶ್ವತ ಹಾನಿಯಾಗಬಹುದು ಅಥವಾ ತಪ್ಪಿಸಿಕೊಳ್ಳುವ ಶಕ್ತಿಯೇ ಕುಂದಬಹುದು. 20 ಪಿಪಿಎಂ ಜೀವಕ್ಕೇ ಅಪಾಯ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 20 ಪಿಪಿಎಂ ಆಗಲು ಕಾಲು ಚಮಚದಷ್ಟು ದ್ರವ ಕ್ಲೋರಿನ್ ಸಾಕು. ಭೋಪಾಲದ ಅನಿಲದ ಪ್ರಾಣಾಪಾಯದ ಮಟ್ಟವಂತೂ ಕೇವಲ 0.2 ಪಿಪಿಎಂ. ಕ್ಲೋರಿನ್ನಿಗಿಂತ ನೂರು ಪಟ್ಟು ಕಡಿಮೆ!

ಸಮಯ ಬದಲಾದಂತೆ ಈ ಮಟ್ಟಗಳೂ ಬದಲಾಗುತ್ತವೆ. ಕ್ಲೋರಿನ್ನಿನ ಪ್ರಾಣಾಪಾಯದ ಮಟ್ಟ ಹತ್ತು ನಿಮಿಷಕ್ಕೆ 50 ಪಿಪಿಎಂ, ಒಂದು ಗಂಟೆಗೆ 20, ಎಂಟು ಗಂಟೆಗೆ 7.1. ಹತ್ತು ನಿಮಿಷವನ್ನು 50ರಿಂದ ಗುಣಿಸಿದರೆ 500. ಅರುವತ್ತು ನಿಮಿಷವನ್ನು 20ರಿಂದ ಗುಣಿಸಿದರೆ 1,200. ಎರಡೂ ಒಂದೇ ಅಲ್ಲ. ಇದರ ಅರ್ಥ, ದಟ್ಟವಾದ ಅನಿಲವನ್ನು ಸ್ವಲ್ಪ ಹೊತ್ತು ಉಸಿರಾಡುವುದು ತೆಳುವಾದದ್ದನ್ನು ಬಹಳ ಹೊತ್ತು ಉಸಿರಾಡುವುದಕ್ಕಿಂತ ಹೆಚ್ಚು ಕೆಟ್ಟದ್ದು. ದಟ್ಟ ಮೋಡದಿಂದ ಮೊದಲ ಕೆಲವು ನಿಮಿಷ ತಪ್ಪಿಸಿಕೊಂಡರೂ ದೊಡ್ಡ ಲಾಭ ಎಂಬುದನ್ನು ನೆನಪಿಡಿ.

ನಾಲ್ಕನೆಯ ಪ್ರಶ್ನೆ: ಯಾರು? ವಲಯದೊಳಗೆ ಶಾಲೆ ಇದೆಯೇ, ಹೆರಿಗೆ ಆಸ್ಪತ್ರೆ ಇದೆಯೇ, ವೃದ್ಧಾಶ್ರಮ ಇದೆಯೇ ಎಂದು ನಕ್ಷೆಯಲ್ಲಿ ನೋಡಬೇಕು. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಅವರ ಎತ್ತರವೂ ಕಡಿಮೆ. ನೆಲದ ಮೇಲೆ ಹರಿಯುವ ಭಾರದ ಅನಿಲ ಅವರ ಮೂಗಿಗೇ ಮೊದಲು ತಗಲುತ್ತದೆ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ.

ನಕ್ಷೆಯ ಮೇಲಿನ ಮೂರು ಬಣ್ಣ

ಈ ಉತ್ತರಗಳನ್ನು ತುಂಬಿದರೆ ಅಲೋಹಾ ಒಂದು ಚಿತ್ರ ಬರೆಯುತ್ತದೆ. ಕಾರ್ಖಾನೆಯಿಂದ ಗಾಳಿ ಬೀಸುವ ಕಡೆಗೆ ಚಾಚಿದ ಮೂರು ಎಸಳುಗಳು. ಕೆಂಪು ಎಸಳಿನೊಳಗೆ ಜೀವಕ್ಕೆ ಅಪಾಯ. ಕಿತ್ತಳೆ ಬಣ್ಣದೊಳಗೆ ತೀವ್ರ ಹಾನಿ. ಹಳದಿಯೊಳಗೆ ಕಣ್ಣುರಿ, ಕೆಮ್ಮು. ಅದನ್ನು ಊರಿನ ನಕ್ಷೆಯ ಮೇಲಿಟ್ಟರೆ ಯಾವ ಬೀದಿ ಯಾವ ಬಣ್ಣದಲ್ಲಿದೆ ಎಂಬುದು ಕಾಣುತ್ತದೆ. ಎಷ್ಟು ಆಂಬುಲೆನ್ಸ್ ಬೇಕು, ಎಷ್ಟು ಆಮ್ಲಜನಕದ ಸಿಲಿಂಡರ್ ಬೇಕು, ಯಾವ ರಸ್ತೆಯಲ್ಲಿ ಜನರನ್ನು ಕಳುಹಿಸಬಾರದು ಎಂಬುದನ್ನು ಅವಘಡಕ್ಕೆ ಮೊದಲೇ ಯೋಚಿಸಬಹುದು.

ಲೆಕ್ಕವನ್ನು ಎಷ್ಟು ನಂಬಬೇಕು?

ರಕ್ತಪರೀಕ್ಷೆಯ ವರದಿಯನ್ನು ರೋಗಿಯ ಮುಖ ನೋಡದೆ ಓದಬಾರದು. ಈ ನಕ್ಷೆಯೂ ಹಾಗೆಯೇ. ಅಲೋಹಾ ನೆಲವನ್ನು ಸಮತಟ್ಟು ಎಂದುಕೊಳ್ಳುತ್ತದೆ. ಗುಡ್ಡ, ಕಣಿವೆ, ಎತ್ತರದ ಕಟ್ಟಡಗಳ ನಡುವಿನ ಓಣಿ ಅದಕ್ಕೆ ಕಾಣುವುದಿಲ್ಲ. ಒಂದು ಗಂಟೆಯಾಚೆಗೆ, ಹತ್ತು ಕಿಲೋಮೀಟರಿನಾಚೆಗೆ ಅದು ಲೆಕ್ಕ ಹಾಕುವುದಿಲ್ಲ. ಗಾಳಿ ಪೂರ್ತಿ ನಿಂತಾಗ, ಅಂದರೆ ಅಪಾಯ ಅತಿ ಹೆಚ್ಚಿರುವಾಗಲೇ, ಅದರ ಲೆಕ್ಕ ಕೈಕೊಡುತ್ತದೆ. ಮನೆಯೊಳಗೆ ಎಷ್ಟು ಅನಿಲ ನುಗ್ಗಬಹುದು ಎಂದೂ ಅದು ಅಂದಾಜು ಮಾಡುತ್ತದೆ. ಆದರೆ ಅದು ಬಲ್ಲ ಮನೆಗಳು ಅಮೆರಿಕದವು, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುವಂಥವು. ನಮ್ಮ ಹೆಂಚಿನ ಮನೆಯ ಸಂದುಗಳು, ಶೀಟಿನ ಮನೆಯ ಗೋಡೆಗೂ ಮಾಡಿಗೂ ನಡುವಿನ ತೆರಪು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಮನೆಯೊಳಗಿನ ಅಂಕಿಯನ್ನು ನಮ್ಮಲ್ಲಿ ಹಾಗೇ ಒಪ್ಪಿಕೊಳ್ಳುವಂತಿಲ್ಲ.

ಲೆಕ್ಕ ಇನ್ನೊಂದು ಕಡೆಗೂ ತಪ್ಪಬಹುದು. 2005ರ ಜನವರಿ 6ರ ನಸುಕಿನಲ್ಲಿ ಅಮೆರಿಕದ ಗ್ರಾನಿಟ್‌ವಿಲ್ ಎಂಬ ಊರಿನಲ್ಲಿ ರೈಲುಗಳು ಡಿಕ್ಕಿಯಾಗಿ ಸುಮಾರು 60 ಟನ್ ಕ್ಲೋರಿನ್ ಹೊರಬಂತು. ಒಂಬತ್ತು ಮಂದಿ ಸತ್ತರು, ಐದು ಸಾವಿರಕ್ಕೂ ಹೆಚ್ಚು ಜನರನ್ನು ಊರು ಬಿಡಿಸಬೇಕಾಯಿತು. ದುಃಖದ ಸಂಗತಿಯೇ. ಆದರೆ ತಂತ್ರಾಂಶಗಳ ಲೆಕ್ಕದಂತೆ ಆಗಬೇಕಾಗಿದ್ದ ಹಾನಿ ಇದಕ್ಕಿಂತ ಬಹಳ ಹೆಚ್ಚು. ಮಣ್ಣು, ಹುಲ್ಲು, ಗಿಡಮರಗಳು ಒಂದಷ್ಟು ಕ್ಲೋರಿನ್ನನ್ನು ಹೀರಿಕೊಂಡಿದ್ದು, ಜನ ಮನೆಯೊಳಗಿದ್ದುದು ಇಂಥವು ಕಾರಣವಿರಬಹುದೆಂದು ವಿಜ್ಞಾನಿಗಳು ವಿಚಾರಿಸಿದರು. ಬಳಿಕ 2010ರಲ್ಲಿ, ಮತ್ತೆ 2015 ಹಾಗೂ 2016ರಲ್ಲಿ ಯೂಟಾದ ಮರುಭೂಮಿಯಲ್ಲಿ ಕ್ಲೋರಿನ್ನನ್ನು ನಿಜವಾಗಿಯೇ ಬಿಟ್ಟು ಅಳೆದು ಲೆಕ್ಕಗಳನ್ನು ತಿದ್ದುವ ಪ್ರಯತ್ನ ನಡೆಯಿತು.

ಮತ್ತೊಂದು ಮಿತಿಯೂ ಇದೆ. ಕೇಳದ ಪ್ರಶ್ನೆಗೆ ಕಂಪ್ಯೂಟರ್ ಉತ್ತರಿಸುವುದಿಲ್ಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಹೊರಬಂದು ಪಕ್ಕದ ಆರ್.ಆರ್. ವೆಂಕಟಾಪುರದಲ್ಲಿ ಹಬ್ಬಿತು. ಹನ್ನೆರಡು ಮಂದಿ ಸತ್ತರು. ಸ್ಟೈರೀನ್ ಕ್ಲೋರಿನ್ನಿನಂತೆ ಅನಿಲವಲ್ಲ, ದ್ರವ. ಸುಮ್ಮನೆ ಇಟ್ಟರೆ ತನ್ನಷ್ಟಕ್ಕೆ ಗಟ್ಟಿಯಾಗುತ್ತ ಬಿಸಿಯೇರುವ ಸ್ವಭಾವ ಅದಕ್ಕಿದೆ. ಅದನ್ನು ತಡೆಯಲು ತಣ್ಣಗಿಡಬೇಕು, ತಡೆ ರಾಸಾಯನಿಕ ಬೆರೆಸಬೇಕು. ಲಾಕ್‌ಡೌನಿನಿಂದ ಕಾರ್ಖಾನೆ ನಿಂತಿದ್ದಾಗ ಟ್ಯಾಂಕಿನೊಳಗೆ ಬಿಸಿಯೇರಿತು. ಸಿಲಿಂಡರ್ ತೂತಾದರೆ ಏನಾಗುತ್ತದೆ ಎಂದು ಕೇಳಿದರಷ್ಟೇ ಸಾಲದು, ಕಾರ್ಖಾನೆ ಮುಚ್ಚಿದ್ದಾಗ ಏನಾಗಬಹುದು ಎಂದೂ ಕೇಳಬೇಕು. ಆ ಪ್ರಶ್ನೆ ಕೇಳಬೇಕಾದವನು ಮನುಷ್ಯ.

ಅನಿಲಗಳು ದೇಹಕ್ಕೆ ಏನು ಮಾಡುತ್ತವೆ?

ಅಮೋನಿಯಾ ನೀರಿನಲ್ಲಿ ಬೇಗ ಕರಗುತ್ತದೆ. ಶೀತಲಗೃಹಗಳಲ್ಲಿ, ಮಂಜುಗಡ್ಡೆ ಕಾರ್ಖಾನೆಗಳಲ್ಲಿ ಇದರ ಬಳಕೆ ಹೆಚ್ಚು. ಕಣ್ಣು, ಮೂಗು, ಗಂಟಲನ್ನೇ ಮೊದಲು ಸುಡುವುದರಿಂದ ಜನ ಬೇಗ ಎಚ್ಚೆತ್ತು ದೂರ ಓಡುತ್ತಾರೆ. ಕ್ಲೋರಿನ್ ಅಷ್ಟು ಬೇಗ ಕರಗದು. ಗಂಟಲಿಂದ ಶ್ವಾಸಕೋಶದವರೆಗೆ ಎಲ್ಲೆಡೆ ಉರಿಯೂತ ಉಂಟುಮಾಡುತ್ತದೆ. ಫಾಸ್ಜೀನ್, ನೈಟ್ರೋಜನ್ ಡೈಆಕ್ಸೈಡ್ ಮುಂತಾದವು ಬಹಳ ಕಡಿಮೆ ಕರಗುವುದರಿಂದ ಮೊದಲಿಗೆ ಹೆಚ್ಚು ಉರಿ ಇರುವುದಿಲ್ಲ. ಆದರೆ ಹಲವು ಗಂಟೆಗಳ ಬಳಿಕ, ಕೆಲವೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೆ ಅಪಾಯವಾಗಬಹುದು. 'ಈಗ ಆರಾಮಾಗಿದ್ದೇನೆ' ಎಂದು ಮನೆಗೆ ಹೋಗಿ ಹೊಲದ ಕೆಲಸಕ್ಕೆ ಇಳಿಯುವುದು ಸರಿಯಲ್ಲ. ವೈದ್ಯರ ಬಳಿ ಹೋಗಬೇಕು, ವಿಶ್ರಾಂತಿ ಪಡೆಯಬೇಕು.

ಕ್ಲೋರಿನ್ ಮನೆಯಲ್ಲೂ ಹುಟ್ಟಬಹುದು. ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಸಿಡ್ ಬೆರೆಸಿ, ಕೆಮ್ಮುತ್ತ ಓಡಿ ಬರುವವರನ್ನು ವೈದ್ಯರು ಆಗಾಗ ನೋಡುತ್ತಿರುತ್ತಾರೆ. ಇವೆರಡನ್ನು ಎಂದೂ ಬೆರೆಸಬಾರದು.

ಕ್ಲೋರಿನ್ನಿಗೆ ಪ್ರತ್ಯೇಕ ವಿಷಹರ ಔಷಧವಿಲ್ಲ. ಶುದ್ಧ ಗಾಳಿ, ಆಮ್ಲಜನಕ, ಶ್ವಾಸನಾಳ ಹಿಗ್ಗಿಸುವ ಔಷಧ, ಕಣ್ಣಿಗೆ ಹದಿನೈದು ನಿಮಿಷ ಧಾರಾಳ ಶುದ್ಧ ನೀರು ಇವೇ ಚಿಕಿತ್ಸೆ. ಬೆಲ್ಲ ತಿಂದರೆ, ಹಾಲು ಕುಡಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಉಸಿರು ಕಟ್ಟುತ್ತಿರುವವರಿಗೆ ಬಾಯಿಂದ ಏನನ್ನೂ ಕೊಡಬೇಡಿ.

ಅನಿಲ ಸೋರಿದ ಸುದ್ದಿ ಬಂದಾಗ

1. ಮರದ ಎಲೆ, ಬಾವುಟ, ಹೊಗೆ ನೋಡಿ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತಿಳಿಯಿರಿ. ಹೊರಗಿದ್ದರೆ ಅನಿಲದ ಮುಂದೆ ಮುಂದೆ ಓಡದೆ ಗಾಳಿಗೆ ಅಡ್ಡವಾಗಿ ಸರಿಯಿರಿ. ಎಸಳು ಉದ್ದವಾಗಿರುತ್ತದೆ, ಅಗಲ ಕಡಿಮೆ. ಅಡ್ಡ ಹೋದರೆ ಬೇಗ ಹೊರಬೀಳಬಹುದು.

2. ಅನಿಲ ಆಗಲೇ ಹತ್ತಿರ ಬಂದಿದ್ದರೆ ಮನೆಯೊಳಗೇ ಇರಿ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನು, ಎ.ಸಿ., ಹೊಗೆ ಎಳೆಯುವ ಫ್ಯಾನು ನಿಲ್ಲಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಅಕ್ಕಪಕ್ಕ ತಾರಸಿ ಮನೆಯಿದ್ದರೆ ಹೆಂಚಿನ ಮನೆ, ಶೀಟಿನ ಮನೆಯವರನ್ನೂ ಒಳಗೆ ಕರೆದುಕೊಳ್ಳಿ.

3. ಕ್ಲೋರಿನ್ನಿನಂಥ ಭಾರದ ಅನಿಲವಾದರೆ ಮೇಲಿನ ಮಹಡಿಗೆ ಹೋಗಿ. ನೆಲಮಾಳಿಗೆಗೆ ಇಳಿಯಬೇಡಿ.

4. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಹಿಡಿಯಿರಿ. ಕ್ಲೋರಿನ್, ಅಮೋನಿಯಾಗಳಿಗೆ ಇದು ಸ್ವಲ್ಪ ತಡೆ. ಪೂರ್ತಿ ರಕ್ಷಣೆಯಲ್ಲ.

5. ಅಪಾಯ ಕಳೆಯಿತು ಎಂದು ಅಧಿಕಾರಿಗಳು ಹೇಳಿದೊಡನೆ ಕಿಟಕಿಗಳನ್ನೆಲ್ಲ ತೆರೆದು ಹೊರಗೆ ಬನ್ನಿ. ಹೊರಗಿನ ಗಾಳಿ ಶುದ್ಧವಾದ ಮೇಲೂ ಮನೆಯೊಳಗೆ ನುಗ್ಗಿದ ಅನಿಲ ಉಳಿದಿರುತ್ತದೆ.

6. ಅಡುಗೆ ಅನಿಲ ಸೋರಿದಾಗ ಮಾತ್ರ ನಿಯಮ ಬೇರೆ. ಅದು ಹೊತ್ತಿಕೊಳ್ಳುತ್ತದೆ. ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ, ಹೊರಗೆ ನಡೆಯಿರಿ.

7. ಉಬ್ಬಸದವರು ಇನ್‌ಹೇಲರನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ತುರ್ತು ಸಹಾಯಕ್ಕೆ 112ಕ್ಕೆ ಕರೆಮಾಡಿ.

ಕೇಳುವ ಹಕ್ಕು ನಿಮ್ಮದು

ಭೋಪಾಲದ ಬಳಿಕ ನಮ್ಮ ಕಾನೂನುಗಳು ಬದಲಾದವು. ಅಪಾಯಕಾರಿ ಕಾರ್ಖಾನೆಗಳು ಸುತ್ತಲಿನ ಜನರಿಗೆ ಅಪಾಯದ ಮಾಹಿತಿ ನೀಡಬೇಕು ಎಂಬುದನ್ನು 1987ರ ಕಾರ್ಖಾನೆ ಕಾಯ್ದೆಯ ತಿದ್ದುಪಡಿ ಸೇರಿಸಿತು. ಕಾರ್ಖಾನೆಯ ಹೊರಗಿನ ಜನರಿಗಾಗಿ ತುರ್ತು ಯೋಜನೆ ಇರಬೇಕು, ಅವಘಡದಲ್ಲಿ ಏನು ಮಾಡಬೇಕು ಎಂಬುದನ್ನು ನೆರೆಯವರಿಗೆ ತಿಳಿಸಬೇಕು ಎಂದು 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಹೇಳಿದವು. 1996ರ ನಿಯಮಗಳು ರಾಜ್ಯ, ಜಿಲ್ಲೆ ಮತ್ತು ಸ್ಥಳೀಯ ಮಟ್ಟದಲ್ಲಿ ತುರ್ತು ಸಮಿತಿಗಳನ್ನು ರಚಿಸಲು ಸೂಚಿಸಿದವು. ಸ್ಥಳೀಯ ಸಮಿತಿಯಲ್ಲಿ ವೈದ್ಯರಿಗೂ ಸಮಾಜ ಸೇವಕರಿಗೂ ಸ್ಥಾನ ಕೊಟ್ಟವು. ಕರ್ನಾಟಕದಲ್ಲಿ ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳಲು ಪ್ರತ್ಯೇಕ ಇಲಾಖೆಯೇ ಇದೆ. ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ವಿಚಾರಿಸಬಹುದು.

ನಿಮ್ಮ ಮನೆಯ ಹತ್ತಿರ ಇಂಥ ಘಟಕವಿದ್ದರೆ ಮೂರು ಪ್ರಶ್ನೆ ಕೇಳಿ. ಒಳಗೆ ಯಾವ ರಾಸಾಯನಿಕ, ಎಷ್ಟಿದೆ? ಲೆಕ್ಕದ ಪ್ರಕಾರ ಅಪಾಯದ ವಲಯ ಎಲ್ಲಿಯವರೆಗೆ, ನಮ್ಮ ಬೀದಿ ಅದರೊಳಗಿದೆಯೇ? ಸೈರನ್ ಯಾವ ರೀತಿ ಕೂಗಿದರೆ ಒಳಗಿರಬೇಕು, ಯಾವ ರೀತಿ ಕೂಗಿದರೆ ಹೊರಡಬೇಕು? ಉತ್ತರವನ್ನು ಊರಿನ ಶಾಲೆಗೆ ತಿಳಿಸಿ. ನಿಮ್ಮ ವೈದ್ಯರಿಗೂ ತಪ್ಪದೆ ತಿಳಿಸಿ. ರಾತ್ರಿ ಎರಡು ಗಂಟೆಗೆ ರೋಗಿಗಳು ಸಾಲುಗಟ್ಟಿ ಬಂದಾಗ ವೈದ್ಯನಿಗೆ ಮೊದಲು ಬೇಕಾಗುವುದು ಆ ರಾಸಾಯನಿಕದ ಹೆಸರು.

ಅವಘಡ ನಡೆಯುವ ಮೊದಲೇ ಅದರ ಪರಿಣಾಮವನ್ನು ಲೆಕ್ಕ ಹಾಕುವ ವಿದ್ಯೆ ಇಂದು ನಮ್ಮಲ್ಲಿದೆ. ಆದರೆ ಕಾರ್ಖಾನೆಯ ಕಪಾಟಿನಲ್ಲಿ ಉಳಿದ ನಕ್ಷೆ ಯಾರ ಶ್ವಾಸಕೋಶವನ್ನೂ ಕಾಪಾಡುವುದಿಲ್ಲ. ಅದು ಕೆಂಪು ಎಸಳಿನೊಳಗೆ ವಾಸಿಸುವ ಮನೆಮನೆಗೂ ತಲಪಬೇಕು.